ಹಗ್ಗ ಕಟ್ಟಿದವರು ಯಾರು?

ಪರ್ವತಾರೋಹಣದ ಸಿನಿಮಾ ನೋಡುವಾಗ ಒಂದು ಸರಳ ಪ್ರಶ್ನೆ ಕೇಳಿಕೊಳ್ಳಿ. ತೆರೆಯ ಮೇಲೆ ಒಬ್ಬ ಮನುಷ್ಯ ಹಿಮದ ಗೋಡೆಗೆ ಅಂಟಿಕೊಂಡು ಒಬ್ಬನೇ ಏರುತ್ತಿದ್ದಾನೆ. ಸುತ್ತ ನರಪಿಳ್ಳೆ ಇಲ್ಲ, ಗಾಳಿಯ ಸದ್ದು ಮಾತ್ರ. ಸರಿ, ಹಾಗಾದರೆ ಅವನನ್ನು ಶೂಟ್ ಮಾಡುತ್ತಿರುವವನು ಎಲ್ಲಿ ನಿಂತಿದ್ದಾನೆ? ಅವನು ಅಷ್ಟು ಎತ್ತರಕ್ಕೆ ಹೇಗೆ ಹೋದ? ಅವನ ಕ್ಯಾಮೆರಾ, ಬ್ಯಾಟರಿ, ಡೇರೆ, ಅಕ್ಕಿ, ಸೀಮೆಎಣ್ಣೆ ಎಲ್ಲವನ್ನೂ ಮೇಲಕ್ಕೆ ಹೊತ್ತವರು ಯಾರು?

ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಇಂಥ ಸಿನಿಮಾಗಳನ್ನು ಮೊದಲಿನ ಹಾಗೆ ನೋಡಲು ಆಗುವುದಿಲ್ಲ. ಹಾಗಂತ ನೋಡುವುದನ್ನು ಬಿಡಬೇಕಿಲ್ಲ. ನನ್ನ ಪ್ರಕಾರ ಇನ್ನೂ ಚೆನ್ನಾಗಿ ನೋಡಲು ಸಾಧ್ಯವಾಗುತ್ತದೆ. ಒಳ್ಳೆಯ ಪರ್ವತ ಸಿನಿಮಾ ಯಾವುದು, ಬರೀ ಮೈನವಿರೇಳಿಸುವ ಸಿನಿಮಾ ಯಾವುದು ಎಂದು ಬೇರ್ಪಡಿಸಲು ನನಗೆ ಸಿಕ್ಕಿರುವ ಅಳತೆಗೋಲು ಇದೊಂದೇ: ಹಗ್ಗ ಕಟ್ಟಿದವರನ್ನು ಅದು ತೋರಿಸುತ್ತದೆಯೇ?

2015ರಲ್ಲಿ ಒಂದೇ ಪರ್ವತದ ಮೇಲೆ ಎರಡು ಸಿನಿಮಾ ಬಂದವು. ಒಂದು ಹಾಲಿವುಡ್‌ನ 'ಎವರೆಸ್ಟ್'. 1996ರ ಮೇ ತಿಂಗಳ ಬಿರುಗಾಳಿಯಲ್ಲಿ ಎಂಟು ಜನ ಸತ್ತ ದುರಂತದ ಕಥೆ. ದೊಡ್ಡ ನಟರು, ದೊಡ್ಡ ಬಜೆಟ್. ಅದರಲ್ಲಿ ಶೆರ್ಪಾಗಳು ಇದ್ದಾರೆ, ಆದರೆ ಮದುವೆ ಮನೆಯಲ್ಲಿ ಬಡಿಸುವವರು ಇರುವ ಹಾಗೆ ಇದ್ದಾರೆ. ಬರುತ್ತಾರೆ, ಹೋಗುತ್ತಾರೆ, ಅವರ ಮನೆ ಎಲ್ಲಿ, ಮನೆಯಲ್ಲಿ ಯಾರಿದ್ದಾರೆ ಎಂದು ನಮಗೆ ತಿಳಿಯುವುದೇ ಇಲ್ಲ. ಏರಲು ಬಂದ ಗಿರಾಕಿಗಳ ಹೆಂಡತಿ ಮಕ್ಕಳು ಮಾತ್ರ ಫೋನಿನ ಆಚೆ ತುದಿಯಲ್ಲಿ ಅಳುತ್ತಾರೆ.

ಇನ್ನೊಂದು ಆಸ್ಟ್ರೇಲಿಯಾದ ಜೆನ್ನಿಫರ್ ಪೀಡಮ್ ನಿರ್ದೇಶಿಸಿದ 'ಶೆರ್ಪಾ' ಎಂಬ ಸಾಕ್ಷ್ಯಚಿತ್ರ. ಅವರು 2014ರಲ್ಲಿ ಫುರ್ಬಾ ತಾಶಿ ಎಂಬುವರ ಹಿಂದೆ ಕ್ಯಾಮೆರಾ ಹಿಡಿದು ಹೋಗಿದ್ದರು. ಫುರ್ಬಾ ಅಷ್ಟರಲ್ಲಿ 21 ಸಲ ಎವರೆಸ್ಟ್ ಏರಿದ್ದರು, ಇನ್ನೊಂದು ಸಲ ಏರಿದ್ದರೆ ದಾಖಲೆ. ಆದರೆ ಆ ವರ್ಷ ಏಪ್ರಿಲ್ 18ರ ಬೆಳಿಗ್ಗೆ ಖುಂಬು ಹಿಮಪಾತದ ಜಾಗದಲ್ಲಿ ಮೇಲಿನಿಂದ ಹಿಮದ ಬಂಡೆ ಕಳಚಿ ಬಿತ್ತು. ಗಿರಾಕಿಗಳಿಗಾಗಿ ಸಾಮಾನು ಹೊತ್ತು ಹೋಗುತ್ತಿದ್ದ 16 ಮಂದಿ ನೇಪಾಳಿ ಕೆಲಸಗಾರರು ಸತ್ತರು. ಸತ್ತವರಲ್ಲಿ ಒಬ್ಬ ವಿದೇಶಿಯನೂ ಇರಲಿಲ್ಲ.

ಇದು ಕಾಕತಾಳೀಯವಲ್ಲ, ಲೆಕ್ಕ. ಖುಂಬು ಹಿಮಪಾತ ಎಂದರೆ ನಿಧಾನವಾಗಿ ಜಾರುತ್ತಲೇ ಇರುವ ಹಿಮನದಿಯ ಒಡೆದ ಮೆಟ್ಟಿಲು. ನಮ್ಮ ಮನೆಯಷ್ಟು ದೊಡ್ಡ ಹಿಮಗಡ್ಡೆಗಳು ಯಾವಾಗ ಬೇಕಾದರೂ ಉರುಳುತ್ತವೆ. ಪ್ರತಿ ವರ್ಷ ಸೀಸನ್ ಶುರುವಾಗುವ ಮೊದಲು 'ಐಸ್‌ಫಾಲ್ ಡಾಕ್ಟರ್' ಎಂದು ಕರೆಸಿಕೊಳ್ಳುವ ಶೆರ್ಪಾಗಳ ಒಂದು ಸಣ್ಣ ತಂಡ ಅಲ್ಲಿ ಅಲ್ಯೂಮಿನಿಯಂ ಏಣಿ ಜೋಡಿಸಿ, ಹಗ್ಗ ಕಟ್ಟಿ ದಾರಿ ಮಾಡುತ್ತದೆ. ಹಣ ಕೊಟ್ಟು ಬಂದವನು ಆ ಜಾಗವನ್ನು ಒಂದು ಸೀಸನ್ನಿನಲ್ಲಿ ಬೆರಳೆಣಿಕೆಯಷ್ಟು ಸಲ ದಾಟುತ್ತಾನೆ. ಅವನ ಆಮ್ಲಜನಕ, ಡೇರೆ, ಊಟ ಹೊರುವವನು 20, ಕೆಲವೊಮ್ಮೆ 30 ಸಲ ದಾಟುತ್ತಾನೆ. ಬಿಸಿಲು ಬಿದ್ದರೆ ಹಿಮ ಸಡಿಲವಾಗುತ್ತದೆಂದು ರಾತ್ರಿಯಲ್ಲೇ, ತಲೆಗೆ ದೀಪ ಕಟ್ಟಿಕೊಂಡು ಹೊರಡುತ್ತಾನೆ. ಇಸ್ಪೀಟಿನಲ್ಲಿ ಹೆಚ್ಚು ಸಲ ಆಡಿದವನೇ ಹೆಚ್ಚು ಸಲ ಸೋಲುವ ಹಾಗೆ.

ದುರಂತದ ನಂತರ ನೇಪಾಳ ಸರ್ಕಾರ ಸತ್ತವರ ಕುಟುಂಬಕ್ಕೆ ಮೊದಲು ಘೋಷಿಸಿದ್ದು ಅಂತ್ಯಕ್ರಿಯೆಯ ಖರ್ಚಿಗೆಂದು 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಸಿಟ್ಟಿಗೆದ್ದರು. ಈ ವರ್ಷ ಯಾರೂ ಏರುವುದಿಲ್ಲ ಎಂದು ಕೂತರು. ಪೀಡಮ್ ಅವರ ಕ್ಯಾಮೆರಾ ಆ ಸಭೆಯಲ್ಲಿತ್ತು, ಇನ್ನೊಂದು ಡೇರೆಯಲ್ಲೂ ಇತ್ತು. ಆ ಡೇರೆಯಲ್ಲಿ ಒಬ್ಬ ಗಿರಾಕಿ, ಇವರ 'ಮಾಲೀಕರ' ಜೊತೆ ಮಾತಾಡಲು ಆಗುವುದಿಲ್ಲವೇ ಎಂದು ಕೇಳುತ್ತಾನೆ. ಮನುಷ್ಯರಿಗೆ ಮಾಲೀಕರು! ಆ ಒಂದು ಪದ ಇಡೀ ವ್ಯವಸ್ಥೆಯನ್ನು ಬಿಚ್ಚಿಡುತ್ತದೆ. ಯಾವ ಸಂಪಾದಕೀಯವೂ ಅಷ್ಟು ಚೆನ್ನಾಗಿ ಹೇಳಲಾರದು.

ಸಾಹಸದ ಸಿನಿಮಾ ಮಾಡಲು ಹೋದವರ ಎದುರು ಮುಷ್ಕರ ನಡೆದರೆ ಬಹುತೇಕರು ಕ್ಯಾಮೆರಾ ಆಫ್ ಮಾಡಿ ವಿಮಾನ ಹತ್ತುತ್ತಾರೆ. ಪೀಡಮ್ ಅಲ್ಲೇ ಉಳಿದರು. ಆ ವರ್ಷ ಬೇಸ್ ಕ್ಯಾಂಪಿನಲ್ಲಿ ನಡೆದ ನಿಜವಾದ ಸಾಹಸ ಅದೇ ಎಂದು ಅವರಿಗೆ ಅರ್ಥವಾಗಿತ್ತು. ಫುರ್ಬಾ ತಾಶಿ 22ನೇ ಸಲ ಏರಲಿಲ್ಲ. ಮನೆಯವರಿಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ, ಎವರೆಸ್ಟ್ ಏರುವುದನ್ನೇ ಅವರು ಬಿಟ್ಟರು. ದಾಖಲೆ ಬಿಟ್ಟವನ ಮೇಲೂ ಒಂದು ಪರ್ವತ ಸಿನಿಮಾ ಆಗುತ್ತದೆ ಎಂದು ತೋರಿಸಿದ್ದು ಈ ಚಿತ್ರದ ದೊಡ್ಡ ಕೆಲಸ.

ಹಳೆಯ ಕಥೆ ನೋಡಿದರೆ ಇದು ಹೊಸ ರೋಗವಲ್ಲ ಎಂದು ಗೊತ್ತಾಗುತ್ತದೆ. 1922ರಲ್ಲಿ ಬ್ರಿಟಿಷರ ಎವರೆಸ್ಟ್ ಯಾತ್ರೆಯಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಏಳು ಮಂದಿ ಹಮಾಲರು ಸತ್ತರು. 1924ರಲ್ಲಿ ಮ್ಯಾಲರಿ ಮತ್ತು ಇರ್ವಿನ್ ಕಾಣೆಯಾದರು. ಜಗತ್ತಿಗೆ ನೆನಪಿರುವುದು ಈ ಎರಡು ಹೆಸರು. ಆ ಏಳು ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1924ರ ಯಾತ್ರೆಯನ್ನು ಜಾನ್ ನೋಯೆಲ್ ಎಂಬುವರು ಮೂಕಿ ಚಿತ್ರವಾಗಿ ತೆಗೆದರು. 'ದಿ ಎಪಿಕ್ ಆಫ್ ಎವರೆಸ್ಟ್' ಎಂದು ಹೆಸರು. ಇವತ್ತಿಗೂ ನೋಡಬೇಕಾದ ಚಿತ್ರ. ಆದರೆ ಅದರ ಪ್ರಚಾರಕ್ಕಾಗಿ ಟಿಬೆಟಿನ ಬೌದ್ಧ ಭಿಕ್ಷುಗಳನ್ನು ಲಂಡನ್ನಿಗೆ ಕರೆತಂದು ಪ್ರದರ್ಶನಕ್ಕೆ ಮುಂಚೆ ವೇದಿಕೆಯ ಮೇಲೆ ಕುಣಿಸಿದರು. ಲ್ಹಾಸಾದಲ್ಲಿ ಇದರಿಂದ ಭಾರೀ ಅಸಮಾಧಾನವಾಯಿತು. ಮುಂದೆ ಬ್ರಿಟಿಷರ ತಂಡ ಎವರೆಸ್ಟಿಗೆ ಹೋಗಲು ಆಗಿದ್ದು 1933ರಲ್ಲಿ. ಪರ್ವತವನ್ನು ಮಾತ್ರ ಶೂಟ್ ಮಾಡುತ್ತೇವೆ, ಅಲ್ಲಿಯ ಜನರ ಮರ್ಯಾದೆ ನಮಗೆ ಸಂಬಂಧವಿಲ್ಲ ಎಂದುಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ನೂರು ವರ್ಷದ ಹಿಂದೆಯೇ ಸಿಕ್ಕ ಪಾಠ ಇದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಸಾಹಸ ಎನ್ನುವುದು ಒಬ್ಬ ಮನುಷ್ಯನ ಒಳಗಿನ ಭಯದ ಕಥೆ, ಅದಕ್ಕೆ ಕೂಲಿ, ವಿಮೆ, ಮುಷ್ಕರ ಎಲ್ಲ ತಂದು ಯಾಕೆ ತುರುಕುತ್ತೀರಿ? ಎಲ್ಲ ಸಿನಿಮಾವೂ ವರದಿ ಆಗಬೇಕೇ? ನ್ಯಾಯವಾದ ಪ್ರಶ್ನೆ. ಕೆವಿನ್ ಮ್ಯಾಕ್ಡೊನಾಲ್ಡ್ ಅವರ 'ಟಚಿಂಗ್ ದಿ ವಾಯ್ಡ್' ಚಿತ್ರವನ್ನೇ ನೋಡಿ. 1985ರಲ್ಲಿ ಪೆರು ದೇಶದ ಸಿಯುಲಾ ಗ್ರಾಂಡೆ ಪರ್ವತದಿಂದ ಇಳಿಯುವಾಗ ಜೋ ಸಿಂಪ್ಸನ್ ಕಾಲು ಮುರಿಯುತ್ತದೆ. ಹಗ್ಗದಲ್ಲಿ ಇಳಿಸುತ್ತಾ ಬಂದ ಗೆಳೆಯ ಸೈಮನ್ ಯೇಟ್ಸ್ ಕೊನೆಗೆ ತಾನೂ ಜಾರಿ ಬೀಳುವ ಸ್ಥಿತಿಗೆ ಬಂದು ಹಗ್ಗ ಕತ್ತರಿಸುತ್ತಾನೆ. ಸತ್ತನೆಂದುಕೊಂಡ ಜೋ ದಿನಗಟ್ಟಲೆ ತೆವಳಿಕೊಂಡು ಕ್ಯಾಂಪಿಗೆ ಬರುತ್ತಾನೆ. ಅಲ್ಲಿ ಹಮಾಲರಿಲ್ಲ, ಗಿರಾಕಿಗಳಿಲ್ಲ, ಇಬ್ಬರು ಗೆಳೆಯರು ಮತ್ತು ಒಂದು ಹಗ್ಗ. ಆ ಹಗ್ಗದ ಎರಡೂ ತುದಿಯಲ್ಲಿದ್ದವರನ್ನು ನಿರ್ದೇಶಕ ಎದುರು ಕೂರಿಸಿ ಮಾತಾಡಿಸುತ್ತಾನೆ. ಕತ್ತರಿಸಿದವನಿಗೂ ಅವನ ಮಾತು ಸಿಗುತ್ತದೆ. ನಾನು ಕೇಳುತ್ತಿರುವುದು ಇದನ್ನೇ. ಇಬ್ಬರೇ ಇದ್ದರೆ ಇಬ್ಬರನ್ನೂ ತೋರಿಸಿ, ಇಪ್ಪತ್ತು ಜನ ಇದ್ದರೆ ಒಬ್ಬನೇ ಇದ್ದ ಎಂದು ಸುಳ್ಳು ಹೇಳಬೇಡಿ.

2019ರಲ್ಲಿ ಆಸ್ಕರ್ ಗೆದ್ದ 'ಫ್ರೀ ಸೋಲೊ' ಕೂಡ ಇದೇ ಕಾರಣಕ್ಕೆ ನನಗೆ ಇಷ್ಟ. ಅಲೆಕ್ಸ್ ಹೊನಾಲ್ಡ್ 2017ರ ಜೂನ್ 3ರಂದು ಅಮೆರಿಕದ ಎಲ್ ಕ್ಯಾಪಿಟನ್ ಎಂಬ ಸುಮಾರು 3,000 ಅಡಿಯ ಬಂಡೆಯನ್ನು ಹಗ್ಗವಿಲ್ಲದೆ ನಾಲ್ಕು ಗಂಟೆಯ ಒಳಗೆ ಏರಿದ. ನಿಜಕ್ಕೂ ಒಬ್ಬನೇ. ಆದರೆ ಅವನನ್ನು ಚಿತ್ರೀಕರಿಸುವವರು ಹಗ್ಗದಲ್ಲಿ ಜೋತುಬಿದ್ದು ಕೂತಿದ್ದಾರೆ ಎನ್ನುವುದನ್ನು ಸಿನಿಮಾ ಮುಚ್ಚಿಡುವುದಿಲ್ಲ. ನಾವು ಇಲ್ಲಿರುವುದರಿಂದಲೇ ಇವನು ಕೈಜಾರಿ ಬಿದ್ದರೆ? ಗೆಳೆಯ ಸಾಯುವುದನ್ನು ನಾವು ಫ್ರೇಮಿನಲ್ಲಿ ಹಿಡಿಯಬೇಕಾ? ಈ ಮಾತುಕತೆಯೂ ಸಿನಿಮಾದೊಳಗೇ ಇದೆ. ಕೆಳಗೆ ಕ್ಯಾಮೆರಾ ಹಿಡಿದು ನಿಂತ ಒಬ್ಬಾತ ನೋಡಲಾರದೆ ಮುಖ ತಿರುಗಿಸಿ ನಿಲ್ಲುತ್ತಾನೆ. ನನಗೆ ಆ ಬಂಡೆಗಿಂತ ಆ ಬೆನ್ನು ಹೆಚ್ಚು ನೆನಪಿದೆ.

ಇನ್ನೊಂದು ಕಡೆ ಐಮ್ಯಾಕ್ಸ್‌ನ 'ಎವರೆಸ್ಟ್' (1998) ಇದೆ. ಸುಮಾರು 20 ಕಿಲೋ ತೂಗುವ ಕ್ಯಾಮೆರಾ 1996ರಲ್ಲಿ ಶಿಖರದ ತುದಿ ಮುಟ್ಟಿತು. ಉಸಿರಾಡುವುದೇ ಕಷ್ಟವಾಗುವ ಎತ್ತರದಲ್ಲಿ ಅದನ್ನು ಬೆನ್ನ ಮೇಲೆ ಹೊತ್ತವರು ಶೆರ್ಪಾಗಳು. ತೇನ್ಸಿಂಗ್ ಅವರ ಮಗ ಜಾಮ್ಲಿಂಗ್ ಆ ಚಿತ್ರದ ಮುಖ್ಯ ಪಾತ್ರಗಳಲ್ಲೊಬ್ಬರು, ಸಂತೋಷ. ಆದರೆ ತಾಂತ್ರಿಕ ಸಾಧನೆ ಎಂದು ಎಲ್ಲರೂ ಹೊಗಳಿದ್ದರಲ್ಲಿ ಬೆನ್ನುಗಳ ಪಾಲು ಎಷ್ಟು ಎಂದು ಯೋಚಿಸಿದವರು ಕಡಿಮೆ. ಶೆರ್ಪಾ ಎನ್ನುವುದು ಒಂದು ಜನಾಂಗದ ಹೆಸರು, ಜಗತ್ತು ಅದನ್ನು ಹುದ್ದೆಯ ಹೆಸರು ಮಾಡಿಕೊಂಡಿದೆ. ಅವರಲ್ಲಿ ಹುಟ್ಟಿದ ವಾರದ ಹೆಸರಿಡುವ ರೂಢಿ ಇದೆ. ಫುರ್ಬಾ ಎಂದರೆ ಗುರುವಾರ, ಪಸಾಂಗ್ ಎಂದರೆ ಶುಕ್ರವಾರ. ಹೀಗಾಗಿ ಒಂದೇ ಹೆಸರಿನವರು ಹಲವರು, ಎಲ್ಲರ ಕೊನೆಗೂ ಶೆರ್ಪಾ. ಹೊರಗಿನವರಿಗೆ ಎಲ್ಲರೂ ಒಂದೇ ಆಗಿ ಕಾಣುವುದು ಸುಲಭ. ಊರು ಕೇಳಿದರೆ, ಮನೆ ಕೇಳಿದರೆ ಮಾತ್ರ ಬೇರೆ ಬೇರೆಯಾಗುತ್ತಾರೆ. ಹಳ್ಳಿ ಸುತ್ತಿ ವರದಿ ಮಾಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ಕೂಲಿ ಕಾರ್ಮಿಕರು', 'ಗ್ರಾಮಸ್ಥರು', 'ಸ್ಥಳೀಯರು' ಎಂದು ಬರೆದು ಮುಗಿಸುವುದು ಎಷ್ಟು ಆರಾಮ ಎಂದು ನಮಗೆ ಗೊತ್ತು.

ನಮ್ಮ ಭಾಷೆಗಳ ಸಿನಿಮಾ ಈ ವಿಷಯದಲ್ಲಿ ಹಿಂದಿಲ್ಲ. ರಾಹುಲ್ ಬೋಸ್ ನಿರ್ದೇಶಿಸಿದ 'ಪೂರ್ಣ' (2017) ತೆಲಂಗಾಣದ ಮಾಲಾವತ್ ಪೂರ್ಣಾಳ ಕಥೆ. ಬುಡಕಟ್ಟಿನ ಬಡ ಕುಟುಂಬದ ಹುಡುಗಿ, 2014ರ ಮೇ 25ರಂದು, 14 ತುಂಬುವ ಮೊದಲೇ, ಟಿಬೆಟ್ ಕಡೆಯಿಂದ ಎವರೆಸ್ಟ್ ಏರಿದಳು. ಆ ಸಿನಿಮಾದಲ್ಲಿ ಎವರೆಸ್ಟ್ ಬರುವುದಕ್ಕೆ ಮೊದಲೇ ಕಥೆಯ ಬಹುಪಾಲು ನಡೆದುಹೋಗಿರುತ್ತದೆ. ಸರ್ಕಾರಿ ವಸತಿ ಶಾಲೆ, ಚಿಕ್ಕ ವಯಸ್ಸಿಗೇ ಮದುವೆಯಾಗುವ ಅಕ್ಕ, ಭುವನಗಿರಿಯ ಒಂಟಿ ಬಂಡೆಯ ಮೇಲೆ ತರಬೇತಿ. ಆ ಹುಡುಗಿಗೆ ಹಿಮದ ಪರ್ವತಕ್ಕಿಂತ ಎತ್ತರದ ಬೆಟ್ಟ ಊರಲ್ಲೇ ಇತ್ತು ಎಂದು ನೋಡುವವನಿಗೆ ಅರ್ಥವಾಗುತ್ತದೆ. ಸಿನಿಮಾ ಅಲ್ಲಲ್ಲಿ ಹೆಚ್ಚು ಸಿಹಿಯಾಗಿದೆ, ಒಪ್ಪುತ್ತೇನೆ. ಆದರೂ ಸಾಹಸಿ ಎಲ್ಲಿಂದ ಬಂದಳು ಎಂದು ಹೇಳುವ ಸಿನಿಮಾ ಅದು.

ಇನ್ನು ನಮ್ಮ ಕರ್ನಾಟಕಕ್ಕೆ ಬರೋಣ. ಕ್ರಿಸ್ ಶರ್ಮಾ ಎಂಬ ಅಮೆರಿಕದ ಹೆಸರಾಂತ ಕ್ಲೈಂಬರ್ ಗೆಳೆಯರೊಂದಿಗೆ ಹಂಪಿಗೆ ಬಂದು ಬಂಡೆ ಏರಿದ್ದು 'ಪಿಲ್‌ಗ್ರಿಮೇಜ್' (2003) ಎಂಬ ಚಿತ್ರವಾಯಿತು. ಬಂಡೆ ಹತ್ತುವವರ ಜಗತ್ತಿನಲ್ಲಿ ಹಂಪಿಯ ಹೆಸರು ಹಬ್ಬಲು ಅದೊಂದು ದೊಡ್ಡ ಕಾರಣ. ತುಂಗಭದ್ರೆಯ ಆಚೆ ದಡದಲ್ಲಿ, ಆನೆಗೊಂದಿ ಕಡೆ, ದಿಂಬಿನಂಥ ದಪ್ಪ ಹಾಸು ಬೆನ್ನಿಗೆ ಕಟ್ಟಿಕೊಂಡು ಓಡಾಡುವ ವಿದೇಶಿಯರು ಅಲ್ಲಿನವರಿಗೆ ಮಾಮೂಲಾದರು. ಊರಿನ ಹುಡುಗರು ಹಾಸು ಬಾಡಿಗೆಗೆ ಕೊಟ್ಟರು, ತಾವೂ ಹತ್ತಲು ಕಲಿತರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ತೆರವು ಮಾಡಿದರು. ಪರಂಪರೆಯ ತಾಣ ಉಳಿಯಬೇಕು, ಸರಿ. ಆದರೆ ಸಿನಿಮಾ ಬರುವ ಮೊದಲು, ಬಂದ ಮೇಲೆ, ರೆಸಾರ್ಟು ಬಿದ್ದ ಮೇಲೆ ಆ ಊರಿನವರ ಬದುಕು ಏನಾಯಿತು ಎನ್ನುವುದು ಕೂಡ ಒಂದು ಸಾಹಸದ ಸಿನಿಮಾವೇ. ಅದನ್ನು ಮಾಡಲು ಕ್ಯಾಲಿಫೋರ್ನಿಯಾದಿಂದ ಯಾರೂ ಬರಬೇಕಿಲ್ಲ, ಹೊಸಪೇಟೆಯಿಂದ ಬಸ್ಸು ಹತ್ತಿದರೆ ಸಾಕು.

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ಪಶ್ಚಿಮಘಟ್ಟದ ಒಂದೊಂದು ತುದಿಯಲ್ಲೂ ಮೋಡದ ಮುಂದೆ ಕೈಚಾಚಿ ನಿಂತವನ ಅರ್ಧ ನಿಮಿಷದ ವಿಡಿಯೋ ಇದೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಜನ ಜಾತ್ರೆಯಂತೆ ಮುಗಿಬಿದ್ದರು. ಆ ನೂಕುನುಗ್ಗಲಿನ ವಿಡಿಯೋ ಎಲ್ಲೆಡೆ ಹರಿದಾಡಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಲು ಹೊರಟಿತು. ಏಕಾಂತ ತೋರಿಸುವ ಸಾವಿರ ವಿಡಿಯೋ ಸೇರಿ ಆ ಏಕಾಂತವನ್ನೇ ತಿಂದುಹಾಕಿದವು. ಆ ಯಾವ ವಿಡಿಯೋದಲ್ಲೂ ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ಬಾಟಲಿ ಎಣಿಸುವ ವಾಚರ್ ನನಗೆ ಕಾಣಲಿಲ್ಲ. ದಾರಿ ತಪ್ಪಿದವರನ್ನು ರಾತ್ರಿ ಟಾರ್ಚು ಹಿಡಿದು ಹುಡುಕಲು ಹೋಗುವ ಊರಿನವರೂ ಕಾಣಲಿಲ್ಲ. ತುದಿ ಮಾತ್ರ ಇತ್ತು.

ಆದ್ದರಿಂದ ಸಾಹಸದ ವಿಡಿಯೋ ಮಾಡುವ ಗೆಳೆಯರಿಗೆ, ನಮ್ಮ ಬಳಗದಲ್ಲೂ ಅಂಥವರಿದ್ದಾರೆ, ಮೂರು ವಿನಂತಿ. ಜೊತೆಗೆ ಬಂದ ಗೈಡಿನ ಹೆಸರು, ಊರು ಅವರ ಒಪ್ಪಿಗೆ ಪಡೆದು ತೆರೆಯ ಮೇಲೆ ಹಾಕಿ. ಅವರಿಗೆ ಆ ದಿನ ಎಷ್ಟು ಕೂಲಿ ಸಿಕ್ಕಿತು, ಬಿದ್ದರೆ ವಿಮೆ ಇದೆಯಾ ಎಂದು ಕೇಳಿ. 2014ರ ಆ ಸಾವುಗಳ ನಂತರ ನೇಪಾಳದಲ್ಲಿ ಎತ್ತರದ ಕೆಲಸಗಾರರ ಕನಿಷ್ಠ ವಿಮೆ 10 ಲಕ್ಷದಿಂದ 15 ಲಕ್ಷ ನೇಪಾಳಿ ರೂಪಾಯಿಗೆ ಏರಿದ್ದು ಅವರು ಕೂತು ಕೇಳಿದ್ದರಿಂದ. ನಮ್ಮ ಘಟ್ಟದ ಗೈಡುಗಳ ಬಗ್ಗೆ ಅದನ್ನು ಕೇಳುವ ಕೆಲಸವನ್ನು ನಾವಾದರೂ ಶುರು ಮಾಡಬಹುದು. ಮೂರನೆಯದು, ಇಳಿಯುವುದನ್ನೂ ಶೂಟ್ ಮಾಡಿ. ಏರುವಾಗ ಎಲ್ಲರೂ ವೀರರೇ. ಮೊಣಕಾಲು ನಡುಗುವುದು, ನೀರು ಖಾಲಿಯಾಗುವುದು, ಮುಂದೆ ಹೋದವನ ಕೈ ಹಿಡಿಯಬೇಕಾಗುವುದು ಇಳಿಯುವಾಗ.

ಒಂದು ಚಾರಣದ ಬಗ್ಗೆ ಹತ್ತು ನಿಮಿಷದ ಇಂಥ ಚಿತ್ರ ಯಾರಾದರೂ ಮಾಡಿದರೆ ಈ ಬ್ಲಾಗಿಗೆ ಕಳಿಸಿ. ಡ್ರೋನ್ ಶಾಟ್ ಇಲ್ಲದಿದ್ದರೂ ಪರವಾಗಿಲ್ಲ.