ಅಜ್ಜನ ಐದು ಪದಕಗಳು

ಹೋದ ಸಂಚಿಕೆಯಲ್ಲಿ, ಹಳೆಯ ಯುದ್ಧಪದಕಗಳನ್ನು ಕೂಡಿಡುವ ಹುಚ್ಚು ನನಗಿದೆಯೆಂದು ಮಾತಿನ ಭರದಲ್ಲಿ ಬರೆದುಬಿಟ್ಟೆ. ಬರೆದುದು ಒಂದೇ ಸಾಲು. ಅದರ ಫಲವನ್ನು ಮೂರು ತಿಂಗಳು ಉಣ್ಣಬೇಕಾಯಿತು. ಲೋಕಲ್ ಗಾಡಿಯಲ್ಲಿ ಕಂಡವರು, ಸಂಘದ ಅರಿಶಿನ-ಕುಂಕುಮದಲ್ಲಿ ನನ್ನ ಮನೆಯವಳನ್ನು ಹಿಡಿದು ನಿಲ್ಲಿಸಿದವರು, ಎಲ್ಲರದೂ ಒಂದೇ ಪ್ರಶ್ನೆ: "ನಮ್ಮಲ್ಲಿಯೂ ಒಂದಿದೆ, ಎಷ್ಟು ಬಂದೀತು?" ಸರ್ಕಾರಿ ಕಛೇರಿಯ ಗುಮಾಸ್ತನಿಗೆ ಇಷ್ಟೊಂದು ಜನ ಬೆಲೆ ಕೊಟ್ಟುದು ಇದೇ ಮೊದಲು.

ಹಾಗೆ ಬಂದವರಲ್ಲಿ ಗೋಕಾಕದ ಕಡೆಯ ಇಬ್ಬರು ಅಣ್ಣತಮ್ಮಂದಿರ ಸಂಗತಿಯನ್ನು ಇಲ್ಲಿ ಹೇಳುತ್ತೇನೆ; ಹೇಳಲು ಅವರ ಒಪ್ಪಿಗೆಯಿದೆ. ಅಣ್ಣನವರದು ಕಲ್ಯಾಣ, ತಮ್ಮನವರದು ನಮ್ಮ ಡೊಂಬಿವಲಿಯೇ. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಕೂಡಿ ಬಂದರು. ಕೂಡಿ ಬಂದರೆಂದೆನೇ ಹೊರತು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅಣ್ಣನವರು ಕರವಸ್ತ್ರದ ಗಂಟನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಮೂರು ನಕ್ಷತ್ರ, ಎರಡು ದುಂಡನೆಯವು.

"ಅಜ್ಜಾರವು ರೀ ಸರ. ಐದು ಅದಾವು. ನಾವು ಇಬ್ಬರು. ಬೆಲೆ ಕಟ್ಟಿ ಸರಿಪಾಲು ಮಾಡಿಕೊಡ್ರಿ."

ತಮ್ಮನವರು ತಲೆ ತಗ್ಗಿಸಿಕೊಂಡೇ, "ನನ್ನ ಪಾಲಿನವನ್ನ ಮಾರೋದೈತ್ರಿ. ಮಗಳ ಕಾಲೇಜಿನ ಫೀ ತುಂಬಬೇಕು" ಎಂದರು.

ನನಗೆ ಸಂಕಟವಾಯಿತು. ಯಾಕೆಂದರೆ ನೋಡಿದ ಕೂಡಲೇ ಒಂದು ಮಾತು ಗೊತ್ತಾಗಿತ್ತು: ಇವುಗಳಿಂದ ಫೀ ಹುಟ್ಟುವುದಿಲ್ಲ. ದುಂಡನೆಯವೆರಡೂ ಬೆಳ್ಳಿಯೆಂದು ಅವರ ನಂಬಿಕೆ. ಎರಡನೆಯ ಮಹಾಯುದ್ಧದ ವಾರ್ ಮೆಡಲ್, ಡಿಫೆನ್ಸ್ ಮೆಡಲ್ ನಮ್ಮವರಿಗೆ ಕೊಟ್ಟುದು ತಾಮ್ರ-ನಿಕ್ಕಲ್ ಬೆರಕೆಯಲ್ಲಿ; ನಮ್ಮ ಕಿಸೆಯಲ್ಲಿ ಸದ್ದು ಮಾಡುತ್ತಿದ್ದ ಹಳೆಯ ನಾಣ್ಯಗಳ ಜಾತಿ. ಮೊದಲನೆಯ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಮಾತ್ರ ಸಾಚಾ ಬೆಳ್ಳಿ, ತೂಕ ಸುಮಾರು ಒಂದು ಔನ್ಸು. ಆ ಬೆಳ್ಳಿಯೇ ಅದಕ್ಕೆ ಮೃತ್ಯುವಾಯಿತು. 1980ರ ಸುಮಾರಿಗೆ ಬೆಳ್ಳಿಯ ಧಾರಣೆ ಆಕಾಶಕ್ಕೇರಿದಾಗ ದೇಶವಿದೇಶಗಳಲ್ಲಿ ಎಷ್ಟೋ ಪದಕಗಳು ಮೂಸೆಗೆ ಬಿದ್ದವು. ನಮ್ಮಲ್ಲಿ ಎಷ್ಟು ಕಾಲ್ಗೆಜ್ಜೆಗಳಾದವೋ! ಬೆಳ್ಳಿಯಲ್ಲದ್ದರಿಂದಲೇ ಇವರ ಅಜ್ಜನವು ಉಳಿದವೆಂದು ಮನಸ್ಸಿನಲ್ಲಿ ಅಂದುಕೊಂಡೆ.

ಭೂತಗನ್ನಡಿ ತೆಗೆದು ಒಂದು ನಕ್ಷತ್ರವನ್ನು ಮಗುಚಿದೆ. ಹಿಂಭಾಗದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ನಂಬರು, ಹುದ್ದೆ, ಹೆಸರು, ಮರಾಠಾ ರೆಜಿಮೆಂಟು. ದುಂಡನೆಯವುಗಳ ಅಂಚಿನಲ್ಲಿಯೂ ಅದೇ. ಐದರಲ್ಲಿಯೂ ಅದೇ ನಂಬರು, ಅದೇ ಹೆಸರು. ಇಲ್ಲೊಂದು ಸೋಜಿಗವನ್ನು ಓದುಗರಿಗೆ ಹೇಳಬೇಕು. ಆ ಯುದ್ಧಕ್ಕಾಗಿ ಬ್ರಿಟನ್ನಿನ ಸಿಪಾಯಿಗಳಿಗೆ ಕೊಟ್ಟ ಇವೇ ಪದಕಗಳನ್ನು ಹೆಸರು ಕೆತ್ತದೆ ಕೊಟ್ಟರು. ಭಾರತದ ಸಿಪಾಯಿಯವುಗಳಲ್ಲಿ ಹೆಸರಿದೆ. ಆಳರಸರ ಮಗನದು ಅನಾಮಧೇಯ, ಗೋಕಾಕದ ಕೂಲಿಕಾರನ ಮಗನದು ಸನಾಮಧೇಯ!

ಪದಕದ ಬೆಲೆ ಇರುವುದು ಈ ಅಂಚಿನಲ್ಲಿ. ಮುಖದ ಮೇಲಿನ ರಾಜನ ತಲೆಗೆ ಯಾರೂ ಹೆಚ್ಚು ಕಾಸು ಕೊಡುವುದಿಲ್ಲ, ಅಂಥ ತಲೆಗಳು ಲಕ್ಷಗಟ್ಟಲೆ ಅಚ್ಚಾಗಿವೆ. ಯಾರ ಹೆಸರು, ಯಾವ ಪಲ್ಟಣ, ಅದು ಎಲ್ಲಿ ಕಾದಿತು ಎಂಬುದರಿಂದ ಬೆಲೆ ಏರುತ್ತದೆ, ಇಳಿಯುತ್ತದೆ. ಅದಕ್ಕೇ ಮೋಸವೂ ಅಂಚಿನಲ್ಲಿಯೇ ನಡೆಯುವುದು. ಸಾಧಾರಣನ ಹೆಸರನ್ನು ಅರದಿಂದ ಉಜ್ಜಿ ತೆಗೆದು ದೊಡ್ಡ ಕಾಳಗದಲ್ಲಿದ್ದವನ ಹೆಸರು ಕೆತ್ತುವವರಿದ್ದಾರೆ. ಉಜ್ಜಿದ ಪದಕದ ಸುತ್ತಳತೆ ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ಅಳತೆಯ ಇಕ್ಕಳದಿಂದ ಎರಡು ಮೂರು ಕಡೆ ಹಿಡಿದು ನೋಡಿದರೆ ಕಳ್ಳ ಸಿಕ್ಕುತ್ತಾನೆ. ಕಾಳಗದ ಹೆಸರಿನ ಅಡ್ಡಪಟ್ಟಿಯನ್ನು ಆಮೇಲೆ ಬೆಸೆಯುವುದೂ ಉಂಟು. ಜೊತೆಗೆ ಸೇವೆಯಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕವೋ ಕಾಗದವೋ ಇದ್ದರೆ ಪದಕಕ್ಕೆ ಸಾಕ್ಷಿ ಬಂದಂತೆ. ಕಡತ ಬರೆಯುವವನಿಗೆ ಈ ಮಾತು ಬೇಗ ತಿಳಿಯುತ್ತದೆ.

ಅಣ್ಣತಮ್ಮಂದಿರಿಗೆ ಅಜ್ಜನ ಬಗೆಗೆ ತಿಳಿದಿದ್ದುದು "ಮಿಲಿಟ್ರಿಯಾಗಿದ್ದರು" ಎಂಬುದಷ್ಟೇ. ಅಜ್ಜ ಏನನ್ನೂ ಹೇಳುತ್ತಿರಲಿಲ್ಲವಂತೆ. ನಾನು ರಿಬ್ಬನ್ನುಗಳನ್ನು ತೋರಿಸಿದೆ. ಈ ಮರಳಿನ ಬಣ್ಣದ್ದು ಆಫ್ರಿಕಾ ಸ್ಟಾರ್, ಮರಳುಗಾಡಿನ ಗುರುತು. ಕೆಂಪು, ಬಿಳಿ, ಹಸಿರಿನದು ಇಟಲಿ ಸ್ಟಾರ್. ಅದು ಇಟಲಿಯ ಬಾವುಟದ ಬಣ್ಣ. ಅಂದಮೇಲೆ ಈ ಮನುಷ್ಯ ಎರಡು ಖಂಡ ನೋಡಿದ್ದಾನೆ. 1941ರಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಕಾದಿದ ಮರಾಠಾ ಪಲ್ಟಣವೊಂದು 1944ರಲ್ಲಿ ಇಟಲಿಯ ಟೈಬರ್ ಕಣಿವೆಯಲ್ಲಿತ್ತು. ನಮ್ಮ ನೆರೆಯ ರಾಯಗಡ ಜಿಲ್ಲೆಯ ಮಾಣಗಾವ ತಾಲೂಕಿನ ಯಶವಂತ ಘಾಡಗೆ ಆ ವರ್ಷದ ಜುಲೈ 10ರಂದು ಪ್ರಾಣಕೊಟ್ಟು ವಿಕ್ಟೋರಿಯಾ ಕ್ರಾಸ್ ಪಡೆದುದು ಅದೇ ಪಲ್ಟಣದಲ್ಲಿ. ನಿಮ್ಮ ಅಜ್ಜ ಅದರಲ್ಲಿಯೇ ಇದ್ದರೋ ಬೇರೆಯದರಲ್ಲಿದ್ದರೋ ಪದಕ ಹೇಳುವುದಿಲ್ಲ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರಕ್ಕೆ ನಂಬರು ಬರೆದು ಕೇಳಿರಿ ಎಂದೆ. ಅಣ್ಣನವರು ಇಟಲಿಯ ನಕ್ಷತ್ರವನ್ನು ಕೈಗೆತ್ತಿಕೊಂಡವರು ಬಹಳ ಹೊತ್ತು ಕೆಳಗಿಡಲಿಲ್ಲ.

ತಮ್ಮನವರು ಮಾತ್ರ ಗುರಿ ತಪ್ಪಲಿಲ್ಲ. "ಹಂಗಾದ್ರ ಭಾಳ ಬೆಲೆ ಬರೋ ಪದಕ ಎಂಥಾದ್ದು ರೀ?"

ಹಳೆಯವು, ಕಡಿಮೆ ಸಂಖ್ಯೆಯಲ್ಲಿ ಉಳಿದವು. ಶ್ರೀರಂಗಪಟ್ಟಣದ ಪದಕ ಅಂಥದು. 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಕಂಪೆನಿಯವರು ಮಾಡಿಸಿದ್ದು. ಸಿಂಹವೊಂದು ಹುಲಿಯನ್ನು ಕೆಡವಿ ನಿಂತ ಚಿತ್ರ. ಹುಲಿ ಯಾರೆಂದು ಹೇಳಬೇಕಿಲ್ಲ. ದೊಡ್ಡ ಅಧಿಕಾರಿಗೆ ಚಿನ್ನ, ಅಲ್ಲಿಂದ ಇಳಿಯುತ್ತ ಬೆಳ್ಳಿ, ಕಂಚು, ಕಡೆಗೆ ಸಾಮಾನ್ಯ ಸಿಪಾಯಿಗೆ ತವರ. ಮೆತ್ತನೆಯ ತವರ ಬೇಗ ಸವೆಯುವುದರಿಂದ ಸವೆಯದೆ ಉಳಿದ ಬಡವನ ಪದಕಕ್ಕೂ ಈಗ ಒಳ್ಳೆಯ ಬೆಲೆ.

ಆದರೆ ನನ್ನನ್ನು ಕಾಡುವುದು ಇನ್ನೊಂದು, ಕೊಡಗಿನ ಪದಕ. ಅದನ್ನು ಚಿತ್ರದಲ್ಲಿ ಮೊದಲು ಕಂಡ ದಿನ ಹಿಗ್ಗಿ ಹೀರೆಕಾಯಿಯಾದೆ. ಯಾಕೆಂದರೆ ಅದರ ಮೇಲಿರುವುದು ಕನ್ನಡ ಅಕ್ಷರ! ಒಂದು ಕೈಯಲ್ಲಿ ಕೋವಿ, ಮೇಲೆತ್ತಿದ ಇನ್ನೊಂದು ಕೈಯಲ್ಲಿ ಕತ್ತಿ ಹಿಡಿದ ಕೊಡವ ವೀರ, ಸುತ್ತಲೂ ಕನ್ನಡ ಬರಹ. ಬರಹವನ್ನು ಓದಿದ ಮೇಲೆ ಹಿಗ್ಗು ಇಳಿಯಿತು. 1837ರ ದಂಗೆಯನ್ನು ಅಡಗಿಸುವಲ್ಲಿ ಕಂಪೆನಿ ಸರ್ಕಾರಕ್ಕೆ ನಿಷ್ಠೆ ತೋರಿದವರಿಗೆ ಎಂದು ಅದರ ಅರ್ಥ. ನನ್ನ ಊರು ಸುಳ್ಯದ ಸೀಮೆ. 1834ರಲ್ಲಿ ಕೊಡಗನ್ನು ನುಂಗಿದ ಕಂಪೆನಿ, ಅಮರ-ಸುಳ್ಯವನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ರೊಕ್ಕದಲ್ಲಿ ಕೇಳಿತು. ರೈತರೆದ್ದರು, ಮಂಗಳೂರಿಗೆ ನಡೆದು ಏಪ್ರಿಲ್ 5ರಂದು ಬಾವುಟಗುಡ್ಡದಲ್ಲಿ ತಮ್ಮ ಬಾವುಟವೇರಿಸಿ 13 ದಿನ ಆಳಿದರು. ಆಮೇಲೆ ನೇಣುಗಳು. ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಗೆದ್ದವರು ಇದಕ್ಕೆ ಇಟ್ಟ ಹೆಸರನ್ನೇ ನಮ್ಮ ಅಜ್ಜಿಯೂ ಹೇಳುತ್ತಿದ್ದಳು: ಕಲ್ಯಾಣಪ್ಪನ ಕಾಟಕಾಯಿ. (ದಿನವೂ ಕಲ್ಯಾಣದ ಗಾಡಿ ಹತ್ತುವಾಗ ನನಗೆ ಆ ಹೆಸರು ನೆನಪಾಗುವುದಿದೆ.) ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ ಅದೇ ಬಾವುಟಗುಡ್ಡದಲ್ಲಿ ನಿಂತುದು 2022ರಲ್ಲಿ.

ಕೊಡಗಿನ ಪದಕ ಚಿನ್ನದಲ್ಲಿಯೂ ಬೆಳ್ಳಿಯಲ್ಲಿಯೂ ಕೆಲವೇ ಆದುದರಿಂದ ಹರಾಜಿಗೆ ಬಂದಾಗ ನಮ್ಮಂಥವರ ಕೈಗೆಟುಕುವುದಿಲ್ಲ. ಎಟುಕಿದರೆ ಕೊಳ್ಳುವೆನೆ? ಹಲವು ಸಲ ಯೋಚಿಸಿದ್ದೇನೆ. ಕೊಳ್ಳುತ್ತಿದ್ದೆ. ಕೊಂಡು ಗೋಡೆಗೆ ಹಾಕದೆ ಪೆಟ್ಟಿಗೆಯಲ್ಲಿಡುತ್ತಿದ್ದೆ. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸದಂತೆ 1972ರ ಪ್ರಾಚ್ಯವಸ್ತು ಕಾಯಿದೆ ತಡೆಯುತ್ತದೆಂಬುದನ್ನು, ವಿದೇಶದ ಗಿರಾಕಿಯ ಕನಸು ಕಾಣುವ ಓದುಗರು ಗಮನಿಸಬೇಕು.

ಇಷ್ಟೆಲ್ಲ ಹೇಳಿದರೂ ಪಾಲಿನ ಮಾತು ಹಾಗೇ ಇತ್ತು. ಆಗ ನನ್ನದೇ ಒಂದು ತಪ್ಪನ್ನು ಹೇಳಿದೆ. ಉಲ್ಲಾಸನಗರವಾಗುವ ಮೊದಲು ಅದು ಕಲ್ಯಾಣ ಕ್ಯಾಂಪ್, ಎರಡನೆಯ ಮಹಾಯುದ್ಧದ ಸೈನಿಕರ ಬಿಡಾರ. ದೇಶ ಒಡೆದ ಮೇಲೆ ಸಿಂಧಿ ನಿರಾಶ್ರಿತರಿಗೆ ನೆಲೆಯಾಗಿ 1949ರಲ್ಲಿ ಈಗಿನ ಹೆಸರು ಪಡೆಯಿತು. ಆರು ವರ್ಷದ ಹಿಂದೆ ಅಲ್ಲಿಯ ಗುಜರಿ ಅಂಗಡಿಯೊಂದರಲ್ಲಿ ಒಬ್ಬನೇ ಸಿಪಾಯಿಯ ಮೂರು ಪದಕ ಕಂಡೆ. ತಿಂಗಳ ಕೊನೆಯ ವಾರ. ಕಿಸೆಯಲ್ಲಿದ್ದ ಹಣಕ್ಕೆ ಬರ್ಮಾ ಸ್ಟಾರ್ ಒಂದನ್ನೇ ಆರಿಸಿ ತಂದು, ಸಾಲದುದಕ್ಕೆ ಹುಣಿಸೆಹಣ್ಣು ಹಾಕಿ ತಿಕ್ಕಿ ಅದರ ವಯಸ್ಸಿನ ಬಣ್ಣವನ್ನೆಲ್ಲ ತೆಗೆದೆ. ಸಂಬಳವಾದ ಮೇಲೆ ಹೋದರೆ ಉಳಿದೆರಡು ಬೇರೆ ಬೇರೆ ಗಿರಾಕಿಗಳ ಪಾಲಾಗಿದ್ದವು. ಕೂಡಿದ್ದ ಒಬ್ಬ ಮನುಷ್ಯನನ್ನು ಮೂರು ಊರಿಗೆ ಹಂಚಿದವನು ನಾನೇ. ಈಗಲೂ ಯಾವ ಗುಜರಿಯಲ್ಲಿ ಪದಕ ಕಂಡರೂ ಮೊದಲು ಅಂಚಿನ ನಂಬರನ್ನೇ ನೋಡುತ್ತೇನೆ.

"ಐದೂ ಕೂಡಿದ್ದರೆ ಒಂದು ಬೆಲೆ, ಒಡೆದರೆ ಎರಡು ಪಾಲು ಕೂಡಿಸಿದರೂ ಅಷ್ಟಾಗುವುದಿಲ್ಲ. ಕೂಡಿದರೂ ಕಾಲೇಜಿನ ಫೀ ಆಗುವುದಿಲ್ಲ" ಎಂದು ಬಾಯಿಬಿಟ್ಟು ಹೇಳಿದೆ. ತಮ್ಮನವರ ಮುಖ ಬಾಡಿತು. ಒಳಗಿನಿಂದ ಎರಡನೆಯ ಸಲ ಚಹಾ ಬಂತು. ಅಣ್ಣನವರು ಬಶಿಯನ್ನು ಹಿಡಿದುಕೊಂಡು, ಗೋಡೆಯ ಕಡೆ ನೋಡುತ್ತ, "ಫೀಗೆ ಎಷ್ಟ ಕಡಿಮಿ ಬೀಳ್ತೈತೋ?" ಎಂದರು.

ಬಂದಾಗಿನಿಂದ ಅವರು ತಮ್ಮನೊಡನೆ ಆಡಿದ ಮೊದಲ ಮಾತು ಅದು. ನಾನು ಏನೋ ನೆವ ಹೇಳಿ ಒಳಗೆ ಹೋದೆ.

ಹೋದ ವಾರ ತಮ್ಮನವರ ಮನೆಯಾಕೆ ಫೋನ್ ಮಾಡಿದ್ದರು. ಪದಕಗಳೈದೂ ಈ ವರ್ಷ ಅವರ ಮನೆಯಲ್ಲಿ, ಬರುವ ವರ್ಷ ಕಲ್ಯಾಣದಲ್ಲಿ, ಗಣಪತಿಯ ಸರದಿಯಂತೆ. ತಿಕ್ಕಬಾರದು, ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕೆಂದು ನಾನು ಹೇಳಿದ್ದನ್ನು ನೆನಪಿಟ್ಟಿದ್ದಾರೆ. ಒಂದು ಸಂಶಯ ಮಾತ್ರ ಉಳಿದಿತ್ತಂತೆ:

"ಖಂಡೇ ಪೂಜಿ ದಿನಾನೂ ತಿಕ್ಕಬಾರದೇನ್ರೀ ಅಣ್ಣಾರ?"

ಆ ದಿನವೂ ಬೇಡ, ಕುಂಕುಮವನ್ನು ಪೆಟ್ಟಿಗೆಗೆ ಹಚ್ಚಿರಿ ಎಂದೆ.