ತಲಾಕ್‌ನ ತೀರ್ಮಾನದಲ್ಲಿ ಮಗುವಿನ ಪಾಲೆಷ್ಟು?

ನಮ್ಮ ಜಮಾಅತ್‌ಗಳಲ್ಲಿ ತಲಾಕ್‌ನ ಪ್ರಕರಣವೊಂದು ಇತ್ಯರ್ಥಕ್ಕೆ ಬಂದರೆ ಮಾತುಕತೆ ಯಾವುದರಿಂದ ಆರಂಭವಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಮಹ್ರ್ ಸಂದಾಯವಾಗಿದೆಯೇ, ಇದ್ದತ್‌ನ ಖರ್ಚು ಎಷ್ಟು, ಹೆಣ್ಣಿನ ಮನೆಯವರು ಹಾಕಿದ ಚಿನ್ನವೆಷ್ಟು ಪವನ್, ಮಂಚ-ಕಪಾಟುಗಳು ಯಾರ ಮನೆಯಲ್ಲಿವೆ ಎಂಬ ಲೆಕ್ಕ ಗಂಟೆಗಟ್ಟಲೆ ನಡೆಯುತ್ತದೆ. ಎರಡೂ ಕಡೆಯವರು ಚೀಟಿ ಬರೆದುಕೊಂಡು ಬಂದಿರುತ್ತಾರೆ. ಎಲ್ಲ ಮುಗಿದು ಚಹಾದ ಲೋಟಗಳು ಖಾಲಿಯಾದ ಮೇಲೆ ಯಾರೋ ಒಬ್ಬರಿಗೆ ಮಗುವಿನ ನೆನಪಾಗುತ್ತದೆ. 'ಏಳು ವರ್ಷದವರೆಗೆ ತಾಯಿಯ ಬಳಿ ಇರಲಿ, ಆಮೇಲೆ ತಂದೆ ಕರೆದುಕೊಂಡು ಹೋಗಲಿ' ಎಂಬ ಒಂದು ವಾಕ್ಯದಲ್ಲಿ ಅದರ ತೀರ್ಮಾನವೂ ಆಗಿಬಿಡುತ್ತದೆ. ಸಲಾಮ್ ಹೇಳಿ ಎಲ್ಲರೂ ಎದ್ದು ಹೋಗುತ್ತಾರೆ.

ಆ ಮಗುವಿನ ಶಾಲೆಯ ಶುಲ್ಕವನ್ನು ಯಾರು ಕಟ್ಟಬೇಕು? ಜ್ವರ ಬಂದರೆ ತಂದೆಗೆ ತಿಳಿಸಬೇಕೇ? ಈದ್‌ನ ದಿನ ಅದು ಯಾರ ಮನೆಯಲ್ಲಿರಬೇಕು? ಅಜ್ಜ-ಅಜ್ಜಿಯನ್ನು ಕಾಣುವುದು ಯಾವಾಗ? ಇವು ಯಾವುದಕ್ಕೂ ಆ ಒಂದು ವಾಕ್ಯದಲ್ಲಿ ಉತ್ತರವಿಲ್ಲ. ಚಿನ್ನದ ವಿಷಯದಲ್ಲಿ ತೋರಿದ ಎಚ್ಚರಿಕೆಯ ಒಂದಂಶವನ್ನಾದರೂ ನಾವು ಮಗುವಿನ ವಿಷಯದಲ್ಲಿ ತೋರಿದ್ದರೆ ಎಷ್ಟೋ ಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿರಲಿಲ್ಲ.

ಇಸ್ಲಾಮಿನಲ್ಲಿ ಮಗುವಿನ ಪಾಲನೆಗೆ 'ಹಿಝಾನತ್' ಎನ್ನುತ್ತಾರೆ. ಮಡಿಲು, ಮಗ್ಗುಲು ಎಂಬ ಅರ್ಥವುಳ್ಳ ಅರಬಿ ಪದದಿಂದ ಈ ಶಬ್ದ ಬಂದಿದೆ. ಅಂದರೆ ಇದು ಒಡೆತನವನ್ನು ಸೂಚಿಸುವ ಶಬ್ದವಲ್ಲ, ಮಡಿಲಲ್ಲಿಟ್ಟು ಸಾಕುವ ಹೊಣೆಯನ್ನು ಸೂಚಿಸುವ ಶಬ್ದ. ಮಗುವಿನ ಸೊತ್ತು, ವಿವಾಹ ಮುಂತಾದ ವಿಷಯಗಳ ರಕ್ಷಕತ್ವವನ್ನು 'ವಿಲಾಯತ್' ಎಂದು ಫಿಕ್ಹ್ ವಿದ್ವಾಂಸರು ಪ್ರತ್ಯೇಕವಾಗಿಟ್ಟರು. ಮಡಿಲು ತಾಯಿಯದಾಗಿರುವಾಗಲೂ ಖರ್ಚಿನ ಹೊಣೆ ತಂದೆಯದೇ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಇಂದು ನಮ್ಮಲ್ಲಿ ನಡೆಯುತ್ತಿರುವುದೇನು? ವಿಲಾಯತ್‌ನ ಹೆಸರಿನಲ್ಲಿ ಅಧಿಕಾರ ಚಲಾಯಿಸುವ ತಂದೆ, ತಿಂಗಳ ಖರ್ಚಿನ ಮಾತು ಬಂದಾಗ 'ಮಗು ಅವಳ ಬಳಿ ಇದೆಯಲ್ಲ, ಅವಳೇ ನೋಡಿಕೊಳ್ಳಲಿ' ಎನ್ನುತ್ತಾನೆ. ಇದು ಶರೀಅತ್ ಅಲ್ಲ, ಶರೀಅತ್‌ನ ಹೆಸರಿನಲ್ಲಿ ನಡೆಯುವ ಅನ್ಯಾಯ.

ಪವಿತ್ರ ಕುರ್‌ಆನ್ ಈ ವಿಷಯವನ್ನು ಚರ್ಚಿಸಿದ ಸ್ಥಳವನ್ನು ಗಮನಿಸಬೇಕು. ಅಲ್‌ಬಕರ ಅಧ್ಯಾಯದ 233ನೇ ಸೂಕ್ತ ಬರುವುದು ತಲಾಕ್‌ನ ನಿಯಮಗಳ ನಡುವೆ. ಮಗುವಿಗೆ ಹಾಲೂಡಿಸುವ ಪೂರ್ಣ ಅವಧಿ ಎರಡು ವರ್ಷವೆಂದೂ, ಆ ಕಾಲದಲ್ಲಿ ತಾಯಿಯ ಅನ್ನ-ವಸ್ತ್ರದ ಹೊಣೆ ತಂದೆಯದೆಂದೂ ಅದು ತಿಳಿಸುತ್ತದೆ. ಮಗುವನ್ನು ನೆಪವಾಗಿಟ್ಟು ತಾಯಿಗಾಗಲಿ ತಂದೆಗಾಗಲಿ ತೊಂದರೆ ಕೊಡಬಾರದೆಂದು ಎಚ್ಚರಿಸುತ್ತದೆ. ಅವಧಿಗೆ ಮುಂಚೆ ಹಾಲು ಬಿಡಿಸುವುದಾದರೆ ಇಬ್ಬರೂ ಪರಸ್ಪರ ಸಮಾಲೋಚಿಸಿ, ಒಪ್ಪಿಗೆಯಿಂದ ಮಾಡಬೇಕೆಂದೂ ಹೇಳುತ್ತದೆ. ಅತ್ತಲಾಕ್ ಅಧ್ಯಾಯದ 6ನೇ ಸೂಕ್ತದಲ್ಲಿಯೂ ಬೇರೆಯಾದ ದಂಪತಿಗೆ ಮಗುವಿನ ವಿಷಯದಲ್ಲಿ ಸೌಜನ್ಯದಿಂದ ಸಮಾಲೋಚಿಸುವ ಆಜ್ಞೆಯಿದೆ. ಹಾಲು ಬಿಡಿಸುವಂತಹ ಒಂದು ವಿಷಯಕ್ಕೇ ಅಲ್ಲಾಹನು ಇಬ್ಬರ ಸಮಾಲೋಚನೆಯನ್ನು ಕಡ್ಡಾಯಗೊಳಿಸಿರುವಾಗ ಶಾಲೆ ಬದಲಿಸುವುದು, ಊರು ಬದಲಿಸುವುದು, ಹಾಸ್ಟೆಲಿಗೆ ಸೇರಿಸುವುದು ಮುಂತಾದವುಗಳನ್ನು ಒಬ್ಬರೇ ತೀರ್ಮಾನಿಸುವ ಹಕ್ಕು ನಮಗೆ ಎಲ್ಲಿಂದ ಬಂತು? ವಿವಾಹ ಬಂಧನ ಮುರಿಯಬಹುದು, ಸಮಾಲೋಚನೆಯ ಹೊಣೆ ಮುರಿಯುವುದಿಲ್ಲ.

ಪ್ರವಾದಿವರ್ಯರ(ಸ) ಸನ್ನಿಧಿಗೆ ಒಬ್ಬ ಸ್ತ್ರೀ ಬಂದು, ತನ್ನ ಗರ್ಭದಲ್ಲಿ ಬೆಳೆದ, ತನ್ನ ಎದೆಹಾಲು ಕುಡಿದ, ತನ್ನ ಮಡಿಲಲ್ಲಿ ಆಶ್ರಯ ಪಡೆದ ಮಗನನ್ನು ತಲಾಕ್ ನೀಡಿದ ಪತಿ ಕಿತ್ತುಕೊಳ್ಳಲು ಬಯಸುತ್ತಿದ್ದಾನೆಂದು ದೂರಿದ ಘಟನೆ ಅಬೂದಾವೂದ್‌ನಲ್ಲಿದೆ. ಆಕೆ ಮರುವಿವಾಹವಾಗುವ ತನಕ ಮಗನ ಮೇಲೆ ಆಕೆಯ ಹಕ್ಕೇ ಹೆಚ್ಚೆಂದು ಅವರು ತೀರ್ಪಿತ್ತರು. ಹ. ಉಮರ್(ರ) ತಾನು ತಲಾಕ್ ನೀಡಿದ್ದ ಪತ್ನಿಯ ಮಗ ಆಸಿಮ್‌ನನ್ನು ಕುಬಾದ ಮಸೀದಿಯ ಅಂಗಳದಲ್ಲಿ ಕಂಡು ತನ್ನ ಸವಾರಿಯ ಮೇಲೆ ಕುಳ್ಳಿರಿಸಿಕೊಂಡಾಗ ಮಗುವಿನ ಅಜ್ಜಿ ತಡೆದರು. ವಿವಾದವು ಖಲೀಫ ಹ. ಅಬೂಬಕರ್‌ರ(ರ) ಬಳಿಗೆ ಹೋಯಿತು. ಮಗುವನ್ನು ಅಜ್ಜಿಗೆ ಬಿಟ್ಟುಕೊಡುವಂತೆ ಅವರು ಹೇಳಿದರು. ಉಮರ್(ರ)ರಂತಹ ಧೀಮಂತರು ಒಂದು ಮರುಮಾತನ್ನೂ ಆಡಲಿಲ್ಲವೆಂದು ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ. ನಮ್ಮ ಊರುಗಳಲ್ಲಿ ಶಾಲೆಯ ಗೇಟಿನ ಬಳಿ ಕಾದು ಮಗುವನ್ನು ಕಾರಿಗೆ ಹತ್ತಿಸಿಕೊಂಡು ಹೋಗುವ ತಂದೆಯಂದಿರು ಈ ಘಟನೆಯನ್ನೊಮ್ಮೆ ಓದಬೇಕು.

ಇನ್ನು ಆ 'ಏಳು ವರ್ಷ'ದ ಮಾತು. ಹನಫಿ ಮದ್‌ಹಬ್‌ನಲ್ಲಿ ಸಾಮಾನ್ಯವಾಗಿ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಬಳಿ ಇರುತ್ತದೆ. ನಮ್ಮ ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಅನುಸರಿಸುವ ಶಾಫಿ ಮದ್‌ಹಬ್‌ನಲ್ಲಿ ತಿಳಿವಳಿಕೆಯ ಪ್ರಾಯ ಬಂದಾಗ ಮಗುವೇ ಆರಿಸಿಕೊಳ್ಳಬೇಕು. ಶಿಯಾ ಪಂಥದಲ್ಲಿ ಗಂಡುಮಗುವಿಗೆ ಎರಡು, ಹೆಣ್ಣುಮಗುವಿಗೆ ಏಳು ವರ್ಷ. ಈ ಭಿನ್ನತೆಯೇ ಒಂದು ಮಾತನ್ನು ಸ್ಪಷ್ಟಪಡಿಸುತ್ತದೆ. ಕುರ್‌ಆನ್ ವಯಸ್ಸಿನ ಗಡಿಯನ್ನು ಗೊತ್ತುಪಡಿಸಿಲ್ಲ. ತಮ್ಮ ಕಾಲದ ಮಗುವಿಗೆ ಯಾವುದು ಹಿತವೆಂದು ಯೋಚಿಸಿ ವಿದ್ವಾಂಸರು ಇಜ್ತಿಹಾದ್‌ನಿಂದ ಈ ಗಡಿಗಳನ್ನು ಗುರುತಿಸಿದರು. ಹಿತವೇ ಮೂಲ, ವಯಸ್ಸು ಅದರ ಅಳತೆಗೋಲು ಮಾತ್ರ. ಹೀಗಿರುವಾಗ ಕೊಟ್ಟ ಸಾಲವನ್ನು ಅವಧಿ ಮುಗಿದೊಡನೆ ವಸೂಲು ಮಾಡುವಂತೆ, ಏಳನೆಯ ವರ್ಷ ತುಂಬಿದ ಮರುದಿನ ಮಗುವನ್ನು ಕೇಳಲು ಬರುವುದು ಎಂತಹ ಧರ್ಮನಿಷ್ಠೆ?

ಮಗುವಿನ ಆಯ್ಕೆಯೂ ಕುರುಡಾಗಿರಬಾರದು. ಇಬ್ನುಲ್ ಕಯ್ಯಿಮ್‌ರು ತಮ್ಮ ಗುರು ಇಬ್ನು ತೈಮಿಯ್ಯಾರಿಂದ ಕೇಳಿದ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ನ್ಯಾಯಾಧೀಶರೊಬ್ಬರ ಮುಂದೆ ಬಾಲಕನೊಬ್ಬ ತಂದೆಯನ್ನು ಆರಿಸಿಕೊಂಡ. ಕಾರಣ ಕೇಳಿ ನೋಡಿ ಎಂದು ತಾಯಿ ವಿನಂತಿಸಿದಳು. ತಾಯಿ ದಿನವೂ ಪಾಠಕ್ಕೆ ಕಳುಹಿಸುತ್ತಾಳೆ, ಅಲ್ಲಿ ಉಸ್ತಾದರು ಹೊಡೆಯುತ್ತಾರೆ. ತಂದೆಯಾದರೋ ಆಡಲು ಬಿಡುತ್ತಾನೆ ಎಂದು ಬಾಲಕ ಹೇಳಿದ. ನ್ಯಾಯಾಧೀಶರು ಮಗುವನ್ನು ತಾಯಿಗೇ ಒಪ್ಪಿಸಿದರು. ಶತಮಾನಗಳ ಹಿಂದೆ ಅವರು ಆಯ್ಕೆಯ ಹಿಂದಿನ ಕಾರಣವನ್ನು ವಿಚಾರಿಸಿದರು. ಇಂದು ಮೊಬೈಲು, ಸೈಕಲ್ಲುಗಳ ಆಮಿಷ ಒಡ್ಡಿ ಮಗುವಿನ ಬಾಯಿಯಿಂದ ಬೇಕಾದ ಉತ್ತರ ಹೇಳಿಸುವವರ ನಡುವೆ ನಾವು ಅಷ್ಟನ್ನೂ ವಿಚಾರಿಸುವುದಿಲ್ಲ.

ಮರುವಿವಾಹದ ಷರತ್ತು ಅತ್ಯಂತ ಹೆಚ್ಚು ದುರುಪಯೋಗವಾಗುತ್ತಿರುವ ವಿಷಯ. 'ಮದುವೆಯಾದರೆ ಮಗು ನಿನ್ನದಲ್ಲ' ಎಂಬ ಬೆದರಿಕೆಗೆ ಅಂಜಿ ಎಷ್ಟೋ ಯುವತಿಯರು ಒಂಟಿಯಾಗಿಯೇ ಬದುಕುತ್ತಿದ್ದಾರೆ. ಹದೀಸ್‌ನಲ್ಲಿ ಆ ಷರತ್ತು ಇದೆ, ನಿಜ. ಆದರೆ ತಾಯಿ ಮಗುವಿಗೆ ನಿಕಟ ಸಂಬಂಧಿಯಾದವನನ್ನು, ಉದಾಹರಣೆಗೆ ಮಗುವಿನ ಚಿಕ್ಕಪ್ಪನನ್ನು ವರಿಸಿದರೆ ಹಕ್ಕು ಹೋಗದೆಂದು ಹನಫಿ ವಿದ್ವಾಂಸರೇ ಹೇಳಿದ್ದಾರೆ. ಹೊರಗಿನವನನ್ನು ವರಿಸಿದಾಗಲೂ ಹಕ್ಕು ನೇರವಾಗಿ ತಂದೆಗೆ ಹೋಗದೆ ಮೊದಲು ತಾಯಿಯ ತಾಯಿಗೆ ಹೋಗುತ್ತದೆ. ಹ. ಹಂಝಾರ(ರ) ಅನಾಥ ಮಗಳಿಗಾಗಿ ಹ. ಅಲಿ, ಜಅಫರ್ ಮತ್ತು ಝೈದ್(ರ) ಮೂವರೂ ಮುಂದೆ ಬಂದಾಗ ಪ್ರವಾದಿವರ್ಯರು(ಸ) ಜಅಫರ್‌ರ ಮನೆಯನ್ನು ಆರಿಸಿದರು. ಆ ಮನೆಯಲ್ಲಿ ಮಗುವಿನ ತಾಯಿಯ ಸಹೋದರಿ ಇದ್ದರು, ಅವರು ವಿವಾಹಿತೆಯೂ ಆಗಿದ್ದರು. ವಿಧವೆಯಾಗಿದ್ದ ಉಮ್ಮು ಸಲಮಾರನ್ನು(ರ) ವಿವಾಹವಾದ ಪ್ರವಾದಿವರ್ಯರು(ಸ) ಅವರ ಎಳೆಯ ಮಕ್ಕಳನ್ನು ತಮ್ಮ ಮನೆಯಲ್ಲೇ ಬೆಳೆಸಿದರು. ಅಲ್ಲಿ ತಂದೆ ಬದುಕಿರಲಿಲ್ಲ ಎಂಬ ವ್ಯತ್ಯಾಸವನ್ನು ನಾವು ಮರೆಮಾಚುವುದಿಲ್ಲ. ಆದರೆ ತಾಯಿಯ ಹೊಸ ಗಂಡನ ಬಗ್ಗೆ ನೂರು ಪ್ರಶ್ನೆ ಕೇಳುವ ಸಮಾಜ, ತಂದೆಯ ಹೊಸ ಹೆಂಡತಿ ಮಗುವನ್ನು ಹೇಗೆ ನೋಡಿಕೊಳ್ಳುತ್ತಾಳೆಂದು ಒಂದು ಪ್ರಶ್ನೆಯನ್ನಾದರೂ ಕೇಳಿದೆಯೇ?

ದೇಶದ ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರಬೇಕು. 1937ರ ಶರೀಅತ್ ಕಾಯ್ದೆಯ ಪ್ರಕಾರ ರಕ್ಷಕತ್ವದ ವಿಷಯದಲ್ಲಿ ನಮಗೆ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ. ಆದರೆ ವಿವಾದ ಕೋರ್ಟಿಗೆ ಹೋದರೆ ಅದನ್ನು 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯಡಿ ವಿಚಾರಿಸಲಾಗುತ್ತದೆ. ಅದರ 17ನೇ ಕಲಮಿನಂತೆ ಮಗುವಿನ ವಯಸ್ಸು, ಲಿಂಗ, ಧರ್ಮ, ಪಾಲಕರ ನಡತೆ ಮತ್ತು ಸಾಮರ್ಥ್ಯಗಳನ್ನು ನೋಡಿ, ಪ್ರಬುದ್ಧ ಮಗುವಾದರೆ ಅದರ ಇಚ್ಛೆಯನ್ನೂ ಪರಿಗಣಿಸಿ ಹಿತವನ್ನು ನಿರ್ಣಯಿಸಬೇಕು. 1918ರಲ್ಲಿ ಪ್ರಿವಿ ಕೌನ್ಸಿಲ್, ಮುಸ್ಲಿಮ್ ತಾಯಿಗೆ ಪಾಲನೆಯ ಹಕ್ಕಿದೆ, ಕಾನೂನುಬದ್ಧ ರಕ್ಷಕತ್ವ ಇಲ್ಲ ಎಂದಿತ್ತು. ಮಕ್ಕಳು ಹೆತ್ತವರ ಆಟಿಕೆಗಳಲ್ಲವೆಂದು 1973ರಲ್ಲಿ ಸುಪ್ರೀಮ್ ಕೋರ್ಟು ನೆನಪಿಸಿತು. ತಲಾಕ್ ಪಡೆದ ಸ್ತ್ರೀಯ ಬಳಿ ಇರುವ ಮುಸ್ಲಿಮ್ ಮಕ್ಕಳಿಗೂ ತಂದೆ ಜೀವನಾಂಶ ಕೊಡಲೇಬೇಕೆಂದು 1997ರಲ್ಲಿ ಅದೇ ಕೋರ್ಟು ತೀರ್ಪಿತ್ತಿದೆ. ಈಗ ಅದನ್ನು 2024ರಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಕೇಳಬಹುದು.

2019ರ ತ್ರಿವಳಿ ತಲಾಕ್ ಕಾನೂನಿನಲ್ಲಿಯೂ ಅಪ್ರಾಪ್ತ ಮಕ್ಕಳ ಪಾಲನೆಯ ಹಕ್ಕನ್ನು ತಾಯಿಗೆ ನೀಡುವ ಕಲಮು ಇದೆ. ಆದರೆ ಅದೇ ಕಾನೂನು ತಂದೆಯನ್ನು ಮೂರು ವರ್ಷದವರೆಗೆ ಜೈಲಿಗೂ ಕಳುಹಿಸುತ್ತದೆ. ಜೈಲಿನಲ್ಲಿರುವವನು ಮಗುವಿನ ಖರ್ಚನ್ನು ಹೇಗೆ ಕೊಟ್ಟಾನು ಎಂಬ ಪ್ರಶ್ನೆಗೆ ಕಾನೂನು ರಚಿಸಿದವರು ಇಂದಿಗೂ ಸಮರ್ಪಕ ಉತ್ತರ ಕೊಟ್ಟಿಲ್ಲ. ಮುಸ್ಲಿಮ್ ಸ್ತ್ರೀಯರ ಮೇಲಿನ ಕಾಳಜಿಯ ಹೆಸರಿನಲ್ಲಿ ರಾಜಕೀಯ ನಡೆಯುತ್ತಿದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಉತ್ತರಾಖಂಡದಲ್ಲಿ 2025ರ ಜನವರಿಯಲ್ಲಿ ಸಮಾನ ನಾಗರಿಕ ಸಂಹಿತೆ ಜಾರಿಯಾಯಿತು. ಅದನ್ನು ವಿರೋಧಿಸಿ ನಾವು ಸಭೆಗಳನ್ನು ನಡೆಸುತ್ತೇವೆ, ಠರಾವುಗಳನ್ನು ಮಂಡಿಸುತ್ತೇವೆ. ವಿರೋಧಿಸುವ ಹಕ್ಕು ನಮಗಿದೆ. ಆದರೆ ಶರೀಅತ್ ಮಗುವಿಗೆ ಕೊಟ್ಟ ಹಕ್ಕನ್ನು ನಮ್ಮದೇ ಮಸೀದಿಯ ಆವರಣದಲ್ಲಿ ಕೊಡಿಸಲಾಗದವರು ವೇದಿಕೆಯಲ್ಲಿ ಶರೀಅತ್‌ನ ಶ್ರೇಷ್ಠತೆಯನ್ನು ಸಾರಿದರೆ ಯಾರು ನಂಬುತ್ತಾರೆ?

ತಪ್ಪು ತಂದೆಯಂದಿರದು ಮಾತ್ರವಲ್ಲ. ತಂದೆಯ ಹೆಸರೆತ್ತಿದರೆ ಮಗುವನ್ನು ಗದರಿಸುವ, ಗಲ್ಫ್‌ನಿಂದ ವರ್ಷಕ್ಕೊಮ್ಮೆ ಬಂದವನಿಗೆ ಮಗುವಿನ ಮುಖ ತೋರಿಸದ ತಾಯಿಮನೆಯವರೂ ಇದ್ದಾರೆ. ದೊಡ್ಡವರ ಜಗಳದಲ್ಲಿ ಅಜ್ಜ-ಅಜ್ಜಿ, ಮಾವ-ಅತ್ತೆ, ಚಿಕ್ಕಪ್ಪಂದಿರ ಸಂಬಂಧಗಳೆಲ್ಲ ಮಗುವಿನ ಪಾಲಿಗೆ ಕಡಿದುಹೋಗುತ್ತವೆ. ರಕ್ತಸಂಬಂಧವನ್ನು ಕಡಿಯುವುದು ಮಹಾಪಾಪವೆಂದು ಜುಮಾ ಖುತ್ಬಾಗಳಲ್ಲಿ ಕೇಳುವ ನಾವು, ಏನೂ ಅರಿಯದ ಮಗುವಿನ ಸಂಬಂಧವನ್ನು ಕಡಿಯುವುದನ್ನು ಪಾಪವೆಂದು ಎಣಿಸುವುದೇ ಇಲ್ಲ.

ಪರಿಹಾರವೇನು? ತಲಾಕ್ ಇತ್ಯರ್ಥವಾಗುವ ದಿನವೇ ಮಗುವಿನ ಬಗ್ಗೆ ಪ್ರತ್ಯೇಕ ಕರಾರುಪತ್ರವೊಂದನ್ನು ಬರೆಯುವುದನ್ನು ಪ್ರತಿಯೊಂದು ಜಮಾಅತ್ ಕಡ್ಡಾಯಗೊಳಿಸಬೇಕು. ಮಗು ಯಾರ ಮನೆಯಲ್ಲಿರಬೇಕು, ತಿಂಗಳಿಗೆ ತಂದೆ ಎಷ್ಟು ಹಣವನ್ನು ಯಾವ ತಾರೀಕಿನೊಳಗೆ ಬ್ಯಾಂಕ್ ಖಾತೆಗೆ ಹಾಕಬೇಕು, ಶಾಲೆ-ಮದ್ರಸಾ-ಚಿಕಿತ್ಸೆಯ ಖರ್ಚು ಯಾರದು, ವಾರದ ಯಾವ ದಿನ ಮತ್ತು ರಜೆಯ ಎಷ್ಟು ದಿನ ಮಗು ಇನ್ನೊಬ್ಬರ ಬಳಿ ಇರಬೇಕು, ಎರಡು ಈದ್‌ಗಳನ್ನು ಹೇಗೆ ಹಂಚಿಕೊಳ್ಳಬೇಕು, ಪಾಸ್‌ಪೋರ್ಟ್ ಯಾರ ವಶದಲ್ಲಿರಬೇಕು, ವಿದೇಶದಲ್ಲಿರುವವರು ಫೋನಿನಲ್ಲಿ ಮಾತಾಡುವುದು ಯಾವಾಗ ಎಂಬುದೆಲ್ಲ ಅದರಲ್ಲಿರಬೇಕು. 2013ರಲ್ಲಿ ಕರ್ನಾಟಕ ಹೈಕೋರ್ಟು ಒಂದು ಪ್ರಕರಣದಲ್ಲಿ ಮಗುವನ್ನು ವರ್ಷದ ಆರು ತಿಂಗಳು ತಂದೆಯ ಬಳಿ, ಆರು ತಿಂಗಳು ತಾಯಿಯ ಬಳಿ ಇರಿಸಿ, ವಾರಾಂತ್ಯದ ಭೇಟಿ ಮತ್ತು ಫೋನಿನ ಮಾತನ್ನೂ ನಿಗದಿಪಡಿಸಿ, ಖರ್ಚನ್ನು ಸಮನಾಗಿ ಹಂಚಿತ್ತು. 2015ರಲ್ಲಿ ಕಾನೂನು ಆಯೋಗವೂ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಗೆ ಅವಕಾಶವಿರಬೇಕೆಂದು ಶಿಫಾರಸು ಮಾಡಿತು. ಆರು ತಿಂಗಳ ಹಂಚಿಕೆ ಎಲ್ಲ ಮಕ್ಕಳಿಗೂ ಹೊಂದಲಾರದು. ಆದರೆ ಎಲ್ಲವನ್ನೂ ಬರೆದಿಡುವ ಆ ಕ್ರಮವನ್ನು ನಾವು ಅಳವಡಿಸಿಕೊಳ್ಳಬಹುದು.

ಜಮಾಅತ್‌ನ ಅಥವಾ ದಾರುಲ್ ಕಝಾದ ತೀರ್ಮಾನಕ್ಕೆ ಕಾನೂನಿನ ಬಲವಿಲ್ಲವೆಂದು 2014ರಲ್ಲಿ ಸುಪ್ರೀಮ್ ಕೋರ್ಟು ಸ್ಪಷ್ಟಪಡಿಸಿದೆ. ಆದುದರಿಂದ ಇಬ್ಬರೂ ಒಪ್ಪಿದ ಕರಾರನ್ನು ವಕೀಲರ ಮೂಲಕ ಕೌಟುಂಬಿಕ ನ್ಯಾಯಾಲಯದ ಮುಂದಿಟ್ಟು ಆದೇಶ ಪಡೆಯುವುದು ಕ್ಷೇಮ. ಒಪ್ಪಿಗೆಯ ಅರ್ಜಿ ಬೇಗ ತೀರುತ್ತದೆ. ವ್ಯಾಜ್ಯವಾದರೆ ತೀರ್ಪು ಬರುವಷ್ಟರಲ್ಲಿ ಮಗುವಿನ ಬಾಲ್ಯವೇ ಮುಗಿದಿರುತ್ತದೆ. ದಂಪತಿಯ ಜಗಳದಲ್ಲಿ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂದು ಕುರ್‌ಆನ್ ಕಲಿಸಿದೆ. ಮಗುವಿನ ಕರಾರಿಗೂ ಅದೇ ಮಾದರಿಯಾಗಲಿ. ಆ ಮಾತುಕತೆಯಲ್ಲಿ ಅನುಭವಿ ಸ್ತ್ರೀಯರೂ ಇರಲಿ. ತಾಯಿಯ ಮಾತನ್ನು ಆಕೆಯ ಅಣ್ಣನ ಬಾಯಿಂದ ಕೇಳುವ ಬದಲು ಆಕೆಯಿಂದಲೇ ಕೇಳಲಿ. ವರ್ಷಕ್ಕೊಮ್ಮೆ ಕರಾರನ್ನು ಪರಿಶೀಲಿಸಲಿ, ಏಕೆಂದರೆ ಮೂರು ವರ್ಷದ ಮಗುವಿನ ಅಗತ್ಯವೇ ಬೇರೆ, ಹತ್ತು ವರ್ಷದ ಮಗುವಿನದೇ ಬೇರೆ.

ತಲಾಕ್‌ಗೆ ಇಸ್ಲಾಮ್ ಅನುಮತಿ ನೀಡಿರುವುದು ಕೂಡಿ ಬಾಳಲಾಗದ ಇಬ್ಬರು ಘನತೆಯಿಂದ ಬೇರೆಯಾಗಲೆಂದು. ಆ ಘನತೆಯಲ್ಲಿ ಮಗುವಿಗೂ ಪಾಲಿದೆ. ನಿಕಾಹ್‌ನ ರಿಜಿಸ್ಟರನ್ನು ಜೋಪಾನವಾಗಿ ಕಾಪಾಡುವ ನಮ್ಮ ಮಸೀದಿ ಕಮಿಟಿಗಳು ಮಕ್ಕಳ ಕರಾರಿಗೂ ಒಂದು ರಿಜಿಸ್ಟರ್ ತೆರೆಯಲಿ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸುವಂತೆ ತಮ್ಮ ತಮ್ಮ ಜಮಾಅತ್‌ಗಳನ್ನು ಒತ್ತಾಯಿಸಬೇಕೆಂದು ನಾವು ಓದುಗರಲ್ಲಿ ವಿನಂತಿಸುತ್ತೇವೆ.