ಹಳೆಯ ಬಂಕಿನ ನೆಲದಲ್ಲಿ ಗೋದಾಮು: ಮೊದಲು ಮಣ್ಣಿನ ಆವಿಯ ಪರೀಕ್ಷೆಯಾಗಲಿ



ಸಂಘದ ಹಳೆಯ ಪೆಟ್ರೋಲ್ ಬಂಕಿನ ನಿವೇಶನದಲ್ಲಿ ಕಾಫಿ, ಅಡಿಕೆ ದಾಸ್ತಾನಿಗೆ ಗೋದಾಮು ಕಟ್ಟಬೇಕೆಂಬ ಸೂಚನೆ ಬರುವ ಮಹಾಸಭೆಯ ಮುಂದಿದೆ. ಜಾಗ ನಮ್ಮದೇ, ರಸ್ತೆಯ ಬದಿ, ಲಾರಿ ತಿರುಗಿಸಲು ಅನುಕೂಲ. ಗೋದಾಮು ಬೇಡವೆನ್ನುವವನು ನಾನಲ್ಲ. ಆದರೆ ನೆಲದಡಿಯ ಟ್ಯಾಂಕುಗಳನ್ನು ಎತ್ತಿ ಗುಂಡಿ ಮುಚ್ಚಿದ ಮಾತ್ರಕ್ಕೆ ನೆಲ ಶುದ್ಧವಾಯಿತೆಂದು ತಿಳಿಯಲಾಗದು. ಪಾಯ ತೋಡುವ ಮೊದಲು ಅಲ್ಲಿಯ ಮಣ್ಣಿನ ಆವಿಯನ್ನು ಪರೀಕ್ಷಿಸಬೇಕು. ಕಾರ್ಯದರ್ಶಿಯಾಗಿ ಮಾತ್ರವಲ್ಲ, ಅದೇ ಗೋದಾಮಿಗೆ ತನ್ನ ಪಾರ್ಚ್‌ಮೆಂಟ್ ತಂದಿಡಬೇಕಾದ ಬೆಳೆಗಾರನಾಗಿಯೂ ಇದನ್ನು ಹೇಳುತ್ತಿದ್ದೇನೆ.

ಮಣ್ಣು ಪರೀಕ್ಷೆ ಎಂದೊಡನೆ ನಮಗೆ ನೆನಪಾಗುವುದು ಬಾಳೆಹೊನ್ನೂರು, ಸುಣ್ಣದ ಲೆಕ್ಕ, ಪೊಟ್ಯಾಷ್ ಲೆಕ್ಕ. ಇದು ಬೇರೆ. ಮಣ್ಣಿನ ಕಣಗಳ ನಡುವಿನ ಗಾಳಿಯನ್ನು ಹೀರಿ, ಅದರಲ್ಲಿ ಬೆಂಜೀನ್, ನ್ಯಾಫ್ತಲೀನ್ ಮುಂತಾದ ಇಂಧನದ ಆವಿಗಳಿವೆಯೇ ಎಂದು ನೋಡುವ ಪರೀಕ್ಷೆ.

ಉಕ್ಕಿನ ಟ್ಯಾಂಕು ನಮ್ಮ ಒದ್ದೆ ಹುಳಿಮಣ್ಣಿನಲ್ಲಿ ತುಕ್ಕು ಹಿಡಿಯುತ್ತದೆ. ಪೈಪಿನ ಜೋಡಣೆಗಳೂ ಸಡಿಲಗೊಳ್ಳುತ್ತವೆ. ಸೆಕೆಂಡಿಗೆ ಒಂದೇ ಹನಿ ಸೋರಿದರೂ ದಿನಕ್ಕೆ ಸುಮಾರು 4 ಲೀಟರ್. ಅಳತೆಯ ಕೋಲಿನಲ್ಲಿ ಇದು ಕಾಣುವುದೂ ಕಷ್ಟ. ಅಮೆರಿಕದಲ್ಲಿ 1984ರಲ್ಲಿ ಈ ಟ್ಯಾಂಕುಗಳಿಗಾಗಿ ಕಾನೂನು ಮಾಡಿದ ಮೇಲೆ ಖಚಿತಪಟ್ಟ ಸೋರಿಕೆಗಳೇ 5 ಲಕ್ಷ ಮೀರಿವೆ.

ಟ್ಯಾಂಕು ತೆಗೆದಾಗ ಅನಿಲಮುಕ್ತವೆಂದು ಕೊಟ್ಟ ಪ್ರಮಾಣಪತ್ರ ಇದೆಯಲ್ಲ ಎಂದು ಕೆಲವರು ಕೇಳಿದ್ದಾರೆ. ಆ ಕಾಗದ ಟ್ಯಾಂಕು ಸಿಡಿಯುವುದಿಲ್ಲ ಎಂಬುದಕ್ಕೆ. ಕೆಳಗಿನ ಮಣ್ಣಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ವಾಸನೆ ಬರುತ್ತಿಲ್ಲವಲ್ಲ ಎನ್ನುವವರೂ ಇದ್ದಾರೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರುವ ವಸ್ತು. ಗಾಳಿಯಲ್ಲಿ ಅದು ಮೂಗಿಗೆ ತಿಳಿಯುವ ಮಟ್ಟಕ್ಕೆ ಬರುವಷ್ಟರಲ್ಲಿ ಅಪಾಯದ ಮಟ್ಟವನ್ನು ಎಂದೋ ದಾಟಿರುತ್ತದೆ. ಮಳೆಗಾಲದಲ್ಲಿ ಬಾಗಿಲು ಹಾಕಿದ ಗೋದಾಮಿನಲ್ಲಿ ದಿನವಿಡೀ ಮೂಟೆ ಎಣಿಸುವವನು ನಮ್ಮ ಗುಮಾಸ್ತ, ಹೊರುವವರು ನಮ್ಮ ಹಮಾಲರು. ಇನ್ನು ಕಾಫಿಯಂತೂ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುವ ಸರಕು. ಡೀಸೆಲ್ ವಾಸನೆ ಹತ್ತಿದ ಕಾಫಿ ರುಚಿ ನೋಡುವವನ ಬಟ್ಟಲಿನಲ್ಲಿ ಸಿಕ್ಕಿಬಿದ್ದರೆ ಇಡೀ ದಾಸ್ತಾನಿನ ಬೆಲೆ ಹೋಯಿತು.

ಒಂದು ಸಮಾಧಾನದ ಸಂಗತಿಯೂ ಇದೆ. ಗಾಳಿಯಾಡುವ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಈ ಆವಿಯನ್ನು ತಿಂದು ಮುಗಿಸುತ್ತವೆ. ಅಮೆರಿಕದ ಪರಿಸರ ಇಲಾಖೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ನಿಂತ ಇಂಧನಕ್ಕೂ ಕಟ್ಟಡದ ತಳಕ್ಕೂ ನಡುವೆ 15 ಅಡಿ ಶುದ್ಧ ಮಣ್ಣಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಆದರೆ ಬಂಕಿನ ಟ್ಯಾಂಕಿನ ತಳವೇ ಸುಮಾರು 10-12 ಅಡಿಯಲ್ಲಿರುತ್ತದೆ, ಪೈಪುಗಳು ಇನ್ನೂ ಮೇಲೆ. ಮೇಲಾಗಿ ವಿಶಾಲವಾದ ಕಾಂಕ್ರೀಟ್ ನೆಲ ಹಾಸಿದರೆ ಮಣ್ಣಿಗೆ ಗಾಳಿ ಇಳಿಯುವುದೇ ತಪ್ಪುತ್ತದೆ.

ಪರೀಕ್ಷೆ ದೊಡ್ಡ ಅಗೆತದ ಕೆಲಸವಲ್ಲ. ಟ್ಯಾಂಕಿದ್ದ ಗುಂಡಿಯ ಪಕ್ಕ, ಪೈಪಿನ ದಾರಿ, ಪಂಪು ನಿಂತಿದ್ದ ಕಟ್ಟೆ, ಗೋದಾಮಿನ ನೆಲ ಬರುವ ಜಾಗ, ಇಲ್ಲೆಲ್ಲ ಸಣ್ಣ ರಂಧ್ರ ಕೊರೆದು ಸುಮಾರು 5 ಅಡಿಯಲ್ಲೂ ಅದಕ್ಕಿಂತ ಆಳದಲ್ಲೂ ತೆಳುವಾದ ಕೊಳವೆ ಇಳಿಸುತ್ತಾರೆ. ಸುತ್ತ ಮರಳು ತುಂಬಿ, ಮೇಲಿನ ಗಾಳಿ ನುಗ್ಗದಂತೆ ಬೆಂಟೊನೈಟ್ ಜೇಡಿಯಿಂದ ಮುಚ್ಚುತ್ತಾರೆ. ಮಣ್ಣು ತಹಬಂದಿಗೆ ಬಂದ ಮೇಲೆ ನಿಧಾನವಾಗಿ ಗಾಳಿ ಎಳೆದು ಉಕ್ಕಿನ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎಷ್ಟಿದೆಯೆಂದೂ ಅಳೆಯಬೇಕು. ಕೈಯಲ್ಲಿ ಹಿಡಿಯುವ ಮೀಟರೊಂದನ್ನೇ ತೋರಿಸಿ ಬಿಲ್ಲು ಕೊಡುವವರನ್ನು ಒಪ್ಪಬಾರದು.

ಮಳೆಗಾಲದಲ್ಲಿ ಮಣ್ಣಿನ ಸಂದುಗಳೆಲ್ಲ ನೀರು ತುಂಬಿರುವಾಗ ಈ ಪರೀಕ್ಷೆ ವ್ಯರ್ಥ. ಕೊಯ್ಲು ಮುಗಿದು ಹೂಮಳೆ ಬೀಳುವ ಮೊದಲಿನ ದಿನಗಳೇ ತಕ್ಕ ಕಾಲ. ಜೊತೆಗೆ ಇಳಿಜಾರಿನ ಕೆಳಗಿರುವ ಬಾವಿಯ ನೀರನ್ನೂ ಪರೀಕ್ಷೆಗೆ ಕಳುಹಿಸಬೇಕು. ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ.

ಖರ್ಚಿನ ಮಾತು ಬಂದೇ ಬರುತ್ತದೆ. ಮೂರು ಪ್ರಯೋಗಾಲಯಗಳಿಂದ ದರಪಟ್ಟಿ ತರಿಸಿ ಮಹಾಸಭೆಯ ಮುಂದಿಡುತ್ತೇನೆ. ವರದಿ ಕೈಸೇರುವವರೆಗೆ ಕಟ್ಟಡದ ಟೆಂಡರ್ ಕರೆಯಕೂಡದೆಂದು ಸಭೆ ನಿರ್ಣಯಿಸಬೇಕೆಂಬುದು ನನ್ನ ಕೋರಿಕೆ. ಟ್ಯಾಂಕಿನಿಂದ ಪಂಪಿಗೆ ಪೈಪು ಯಾವ ದಿಕ್ಕಿನಲ್ಲಿ ಹಾದಿತ್ತೆಂಬ ನಕ್ಷೆ ಕಡತದಲ್ಲಿ ಇಲ್ಲ. ಬಲ್ಲ ಹಿರಿಯ ಸದಸ್ಯರು ದಯವಿಟ್ಟು ಕಛೇರಿಗೆ ಬಂದು ಗುರುತು ಮಾಡಿಕೊಡಬೇಕು.